ಮೂರನೆಯ ವ್ಯಾನಿನ ನೀರು

"ಆ ಗಾಜು ಮುಟ್ಟಬೇಡಿ ಸಾರ್."

ಕ್ಲೇಮ್ ಅಧಿಕಾರಿ ಚಾಚಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡರು. ವಿಮಾ ಕಚೇರಿಯ ಉದ್ದನೆಯ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿತ್ತು. ಅದರ ಮೇಲೆ ಅಂಗೈಯಗಲದ ನಾಲ್ಕು ಗಾಜಿನ ತುಂಡುಗಳು, ಪಕ್ಕದಲ್ಲಿ ಮೊಹರು ಹಾಕಿದ ಒಂದು ಬಾಟಲಿ.

"ನೀರು ತೋರಿಸೋಕೆ ಕರೆಸಿದ್ರಾ ನಮ್ಮನ್ನ?" ಮೇಜಿನ ಆ ಬದಿಯಿಂದ ಭಾವ ಕೇಳಿದರು. "ಮೊದಲೇ ಹೇಳಿದ್ರೆ ನಾನೇ ಒಂದು ಬಕೆಟ್ ತರ್ತಿದ್ದೆನಲ್ಲ."

"ಬಕೆಟ್ಟಿನ ವಿಷಯಕ್ಕೆ ಆಮೇಲೆ ಬರೋಣ," ಎಂದರು ಮೇಷ್ಟ್ರಮ್ಮ.

ಅವರು ಪಾಠ ಹೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅಂಟಿದ ಹೆಸರು, ಪತ್ತೇದಾರಿಕೆಗೆ ಇಳಿದ ಮೇಲೂ ಬಿಟ್ಟಿರಲಿಲ್ಲ.

ಕಿಟಕಿ ತೊಳೆಯುವ ಕಂಪನಿಯ ಮೂರನೆಯ ವ್ಯಾನು ಇಳಿಜಾರಿನ ತಿರುವಿನಲ್ಲಿ ಕಂಬಕ್ಕೆ ಗುದ್ದಿತ್ತು. ಓಡಿಸುತ್ತಿದ್ದವನು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಅವನು ಕಂಪನಿಯ ಒಡತಿಯ ಸ್ವಂತ ತಮ್ಮ. ಒಡತಿಯನ್ನು ಶೆಡ್ಡಿನವರೆಲ್ಲ ಕರೆಯುವುದು ಅಕ್ಕ ಎಂದೇ.

ಮಾರನೆಯ ದಿನ ವಿಮೆಯವರು ಬಂದು ನೋಡಿದಾಗ ವ್ಯಾನಿನ ಹಿಂಭಾಗದ ನೀರಿನ ಟ್ಯಾಂಕು ಕಂಠಪೂರ್ತಿ ತುಂಬಿತ್ತು. ಆ ಪುಟ್ಟ ಗಾಡಿಗೆ ಅರ್ಧ ಟ್ಯಾಂಕಿಗಿಂತ ಹೆಚ್ಚಿನ ಭಾರ ಸಲ್ಲದೆಂದು ಪಾಲಿಸಿಯಲ್ಲೇ ಇತ್ತು. ಅತಿಭಾರ, ಅದರಿಂದ ಬ್ರೇಕು ಹಿಡಿಯಲಿಲ್ಲ, ಆದ್ದರಿಂದ ಕ್ಲೇಮು ಇಲ್ಲ. ಅಷ್ಟೇ ಅಲ್ಲ, ಉಳಿದ ಎರಡು ವ್ಯಾನುಗಳ ವಿಮೆಯನ್ನೂ ತಡೆಹಿಡಿದಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದಿದ್ದಳು ಅಕ್ಕ ಅಂದು. ವಿಮೆಯಿಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಹೊಸ ಆಸ್ಪತ್ರೆ ಕಟ್ಟಡದ ಗಾಜನ್ನೆಲ್ಲ ತೊಳೆಯುವ ಗುತ್ತಿಗೆ ಅವಳಿಗೆ ಸಿಕ್ಕಿತ್ತು. ಇವತ್ತು ಸಂಜೆಯೊಳಗೆ ಅವಳ ಗಾಡಿ ಅಲ್ಲಿಗೆ ಮುಟ್ಟದಿದ್ದರೆ ಅದು ಎರಡನೆಯ ಸ್ಥಾನದಲ್ಲಿದ್ದವರ ಪಾಲು.

ಎರಡನೆಯ ಸ್ಥಾನದಲ್ಲಿದ್ದವರು ಈ ಭಾವ. ಅಕ್ಕನ ತೀರಿಹೋದ ಗಂಡನ ಅಣ್ಣ. ಅದೇ ತಿರುವಿನಲ್ಲಿ ಬೇರೆ ಶೆಡ್ಡು, ಬೇರೆ ವ್ಯಾಪಾರ. ಟ್ಯಾಂಕಿನಿಂದ ನೀರು ತುಳುಕುತ್ತಿದ್ದುದನ್ನು ಕಣ್ಣಾರೆ ಕಂಡೆನೆಂದು ಹೇಳಿಕೆ ಕೊಟ್ಟವರೂ ಅವರೇ.

"ನನ್ನ ತಮ್ಮ ಟ್ಯಾಂಕ್ ಖಾಲಿ ಮಾಡ್ಕೊಂಡೇ ವಾಪಸ್ ಬರ್ತಿದ್ದ ಸಾರ್," ಅಕ್ಕ ಅಧಿಕಾರಿಯ ಕಡೆ ತಿರುಗಿದಳು. "ಮೂರ್ಛೆಯಿಂದ ಎದ್ದವನು ಮೊದಲು ಹೇಳಿದ ಮಾತೇ ಅದು."

"ತಮ್ಮ ಅಂದ್ಮೇಲೆ ಬೇರೆ ಏನು ಹೇಳ್ತಾನೆ?" ಭಾವ ನಕ್ಕರು. "ನೀರು ನಾನೊಬ್ಬನೇ ನೋಡಿದ್ನಾ? ಇವರ ಸರ್ವೇಯರೇ ಫೋಟೋ ತೆಗ್ದಿದ್ದಾರೆ."

"ನೀರಿತ್ತು, ಅದರಲ್ಲಿ ಅನುಮಾನ ಇಲ್ಲ," ಎಂದರು ಮೇಷ್ಟ್ರಮ್ಮ. "ಯಾವ ನೀರು ಅನ್ನೋದಷ್ಟೇ ಪ್ರಶ್ನೆ. ಅಕ್ಕ, ನಿಮ್ಮ ಕೆಲಸ ಹೇಗೆ ನಡೆಯುತ್ತೆ, ಸಾರ್‌ಗೆ ಒಂದು ಸಲ ಹೇಳಿ."

ಅಕ್ಕನಿಗೆ ಕೆಲಸದ ಮಾತೆಂದರೆ ಉಸಿರಾಟದಷ್ಟು ಸಲೀಸು. "ಶೆಡ್ಡಲ್ಲಿ ನಲ್ಲಿ ನೀರನ್ನ ಫಿಲ್ಟರಿಗೆ ಹಾಕಿ ಪೂರ್ತಿ ಶುದ್ಧ ಮಾಡ್ತೀವಿ. ಅದನ್ನ ಟ್ಯಾಂಕಿಗೆ ತುಂಬ್ತೀವಿ. ಟ್ಯಾಂಕಿನಿಂದ ಪೈಪು, ಪೈಪಿಗೆ ಉದ್ದನೆ ಕೋಲು, ಕೋಲಿನ ತುದೀಲಿ ಬ್ರಷ್ಷು. ನೀರು ಬಿಟ್ಟು ಉಜ್ಜಿ, ಹಾಗೇ ಒಣಗೋಕೆ ಬಿಟ್ಟು ಬರ್ತೀವಿ. ಒರೆಸೋದೇ ಇಲ್ಲ."

"ಒರೆಸದೆ ಹೋದ್ರೆ ಕಲೆ ಉಳಿಯಲ್ವಾ?"

"ಕಲೆ ಉಳಿದ್ರೆ ಮಾರನೇ ದಿನ ಕೆಲಸ ಉಳಿಯಲ್ಲ ಸಾರ್."

"ನಮ್ಮ ಕಾಲದಲ್ಲಿ ಒರೆಸದವನನ್ನ ಸೋಮಾರಿ ಅಂತಿದ್ವಿ," ಭಾವ ಗೊಣಗಿದರು. "ಈಗ ಅದಕ್ಕೆ ಟೆಕ್ನಾಲಜಿ ಅಂತಾರೆ."

ಅಧಿಕಾರಿಗೆ ನಗು ಬಂದರೂ ನುಂಗಿಕೊಂಡರು. ಕಾಗದದಲ್ಲಿ ಇರುವುದನ್ನು ಮಾತ್ರ ನಂಬುವ ಮನುಷ್ಯ. ಆದರೆ ಕಾಗದ ಸುಳ್ಳೆಂದು ತೋರಿಸಿಕೊಟ್ಟರೆ ಅದನ್ನೂ ನಂಬುವಷ್ಟು ನ್ಯಾಯ ಉಳಿಸಿಕೊಂಡವರು.

ಮೇಷ್ಟ್ರಮ್ಮ ಮೊದಲನೆಯ ಗಾಜನ್ನು ಅಂಚಿನಲ್ಲಿ ಹಿಡಿದೆತ್ತಿ ಕಿಟಕಿಯ ಬೆಳಕಿಗೆ ಒಡ್ಡಿದರು.

"ಇದರ ಮೇಲೆ ಎರಡನೆಯ ವ್ಯಾನಿನ ಟ್ಯಾಂಕಿನ ಒಂದು ಹನಿ ಒಣಗಿಸಿದ್ದೀನಿ. ಏನಾದ್ರೂ ಕಾಣ್ತಿದೆಯಾ?"

ಅಧಿಕಾರಿ ಕನ್ನಡಕ ಏರಿಸಿಕೊಂಡು ನೋಡಿದರು. ಗಾಜು ಹನಿಯನ್ನು ಕಂಡೇ ಇರಲಿಲ್ಲವೇನೋ ಎನ್ನುವಷ್ಟು ತಿಳಿಯಾಗಿತ್ತು. "ಏನೂ ಇಲ್ಲ."

"ನೀರು ಆವಿಯಾಗಿ ಹೋಯ್ತು. ಅದರಲ್ಲಿ ಬೇರೇನೂ ಇರಲಿಲ್ಲ, ಹಿಂದೆ ಏನೂ ಉಳೀಲಿಲ್ಲ. ಎರಡನೇದು ಅದೇ ಶೆಡ್ಡಿನ ನಲ್ಲಿ ನೀರು, ಫಿಲ್ಟರಿಗೆ ಹಾಕೋಕೆ ಮುಂಚೆ."

ಅಲ್ಲಿ ಸಣ್ಣದೊಂದು ಬಿಳಿ ಉಂಗುರ ಮೂಡಿತ್ತು.

"ಮೂರನೇದು ಗುದ್ದಿದ ವ್ಯಾನಿನ ಟ್ಯಾಂಕಿನದು."

ಈ ಉಂಗುರ ದಪ್ಪಗಿತ್ತು. ಅಂಚು ಕಂದುಬಣ್ಣಕ್ಕೆ ತಿರುಗಿತ್ತು.

ಅಧಿಕಾರಿ ಎರಡು ಉಂಗುರಗಳನ್ನೂ ಹೋಲಿಸಿ ನೋಡಿದರು. "ಆವತ್ತು ಫಿಲ್ಟರ್ ಕೆಟ್ಟಿರಬಹುದಲ್ಲ?"

"ಕೆಟ್ಟಿದ್ರೆ ಅವರದೇ ನಲ್ಲಿಯ ಬಿಳಿ ಉಂಗುರ ಬರಬೇಕಿತ್ತು. ಈ ಕಂದುಬಣ್ಣ ಕಬ್ಬಿಣದ್ದು."

"ಟ್ಯಾಂಕಿನ ತುಕ್ಕು!" ಭಾವ ಥಟ್ಟನೆ ಹೇಳಿದರು.

"ಟ್ಯಾಂಕು ಪ್ಲಾಸ್ಟಿಕ್ಕು," ಎಂದಳು ಅಕ್ಕ, ಅಷ್ಟೇ ಥಟ್ಟನೆ.

ಮೇಷ್ಟ್ರಮ್ಮ ನಾಲ್ಕನೆಯ ಗಾಜನ್ನು ಮೂರನೆಯದರ ಪಕ್ಕಕ್ಕೆ ಸರಿಸಿದರು. ಅದೇ ದಪ್ಪ, ಅದೇ ಕಂದು ಅಂಚು. ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಅವರು ಭಾವನ ಕಡೆ ತಿರುಗಿದರು.

"ಇದು ಬೋರ್‌ವೆಲ್ ನೀರು. ಮೊನ್ನೆ ನಿಮ್ಮ ಶೆಡ್ಡಿಗೆ ಬಂದಾಗ ಕುಡಿಯೋಕೆ ಒಂದು ಲೋಟ ಕೊಟ್ರಿ, ನೆನಪಿದೆಯಾ? ಎರಡು ಗುಟುಕು ಕುಡಿದೆ. ಮಿಕ್ಕಿದ್ದನ್ನ ತುಂಬಿಕೊಂಡು ಬಂದೆ."

ಭಾವನ ಮುಖದಲ್ಲಿ ನಗು ಇನ್ನೂ ಇತ್ತು. ಒರೆಸಲು ಮರೆತ ಕಲೆಯ ಹಾಗೆ.

"ಮನೆಗೆ ಬಂದವರಿಗೆ ನೀರು ಕೊಟ್ಟಿದ್ದು ತಪ್ಪಾ?" ಅವರು ಅಧಿಕಾರಿಯ ಕಡೆ ಕೈ ಚಾಚಿದರು. "ಸಾರ್, ಆ ತಿರುವಲ್ಲಿ ಟೈರ್ ಅಂಗಡಿಯವನಿಗೂ ಬೋರ್ ಇದೆ. ಎದುರುಗಡೆ ನರ್ಸರಿಯವನಿಗೂ ಇದೆ. ಎಲ್ಲರನ್ನೂ ಕರೆಸಿ ನೀರು ಕುಡಿಸ್ತೀರಾ?"

ಅಧಿಕಾರಿ ಮೇಷ್ಟ್ರಮ್ಮನನ್ನು ನೋಡಿದರು. ಅಕ್ಕನೂ ನೋಡಿದಳು, ಅವಳ ಬೆರಳುಗಳು ಸೆರಗಿನ ಅಂಚನ್ನು ಹಿಂಡುತ್ತಿದ್ದವು.

"ಅವರು ಹೇಳೋದು ಸರಿ," ಮೇಷ್ಟ್ರಮ್ಮ ಶಾಂತವಾಗಿ ಒಪ್ಪಿಕೊಂಡರು. "ಗಾಜು ಹೇಳೋದು ಇಷ್ಟೇ: ನೀರು ಅಕ್ಕನ ಶೆಡ್ಡಿನದಲ್ಲ. ಗಾಡಿ ಗುದ್ದಿದ ಮೇಲೆ ಯಾರೋ ಹೊರಗಿನ ನೀರು ತುಂಬಿದ್ದಾರೆ. ಯಾರು ಅಂತ ಗಾಜು ಹೇಳಲ್ಲ. ಅದನ್ನ ಹೇಳೋಕೆ ಬಾಟಲಿ ಇದೆ."

ಅವರು ಬಾಟಲಿಯನ್ನು ಅಧಿಕಾರಿಯ ಮುಂದಕ್ಕೆ ತಳ್ಳಿದರು.

"ನಿಮ್ಮ ಸರ್ವೇಯರ್ ಎದುರಿಗೇ ಟ್ಯಾಂಕಿನಿಂದ ತೆಗೆದಿದ್ದು. ಮೊಹರಿನ ಮೇಲೆ ಅವರದೇ ಸಹಿ. ನೀವೇ ಒಡೀರಿ. ಅರ್ಧ ನೀರು ಚೆಲ್ಲಿ, ಮುಚ್ಚಳ ಹಾಕಿ, ಜೋರಾಗಿ ಅಲ್ಲಾಡಿಸಿ."

ಅಧಿಕಾರಿ ಹೂಕುಂಡಕ್ಕೆ ಅರ್ಧ ನೀರು ಚೆಲ್ಲಿದರು. ಮುಚ್ಚಳ ಬಿಗಿದು ಅಲ್ಲಾಡಿಸಿದರು, ಮೊದಲು ಸಂಕೋಚದಿಂದ, ಆಮೇಲೆ ಮಗುವಿನ ಔಷಧಿ ಬಾಟಲಿ ಹಿಡಿದವರಂತೆ ಗಂಭೀರವಾಗಿ.

ನೀರಿನ ಮೇಲೆ ನೊರೆ ಎದ್ದಿತು. ಎದ್ದದ್ದು ಇಳಿಯಲಿಲ್ಲ. ಬಾಟಲಿಯ ಕತ್ತಿನವರೆಗೂ ಏರಿ ಬೆಳ್ಳಗೆ ಕೂತಿತು.

"ಸೋಪು," ಎಂದರು ಅಧಿಕಾರಿ.

"ಸೋಪು," ಎಂದರು ಮೇಷ್ಟ್ರಮ್ಮ. "ಅಕ್ಕನ ಶೆಡ್ಡಿನಲ್ಲಿ ಕೈ ತೊಳೆಯೋ ಜಾಗ ಬಿಟ್ರೆ ಸೋಪು ಕಾಣಿಸೋ ಹಾಗಿಲ್ಲ. ಒಂದು ಹನಿ ಟ್ಯಾಂಕಿಗೆ ಬಿದ್ರೂ ತೊಳೆದ ಗಾಜಿನ ಮೇಲೆಲ್ಲ ಪೊರೆ. ನೀರಿಗೆ ಸೋಪು ಹಾಕಿ ಸಾಗಿಸೋಕೆ ಟೈರ್ ಅಂಗಡಿಯವನಿಗೇನು ಹುಚ್ಚಾ? ನರ್ಸರಿಯವನು ಹಾಕಿದ್ರೆ ಗಿಡ ಸಾಯುತ್ತೆ. ಸೋಪಿನ ಬಕೆಟ್ಟು, ಸ್ಪಂಜು, ರಬ್ಬರ್ ಪಟ್ಟಿ ಇಟ್ಕೊಂಡು ಕಿಟಕಿ ತೊಳೆಯೋರು ಆ ತಿರುವಲ್ಲಿ ಒಬ್ಬರೇ."

ಅಕ್ಕ ಕೈ ಚಾಚಿ ಬಾಟಲಿ ಇಸಿದುಕೊಂಡಳು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು.

"ನಿಂಬೆ ವಾಸನೆ." ಅವಳ ದನಿ ಮೆತ್ತಗಾಯಿತು. "ನೀವೂ ನಿಮ್ಮ ತಮ್ಮನೂ ಒಟ್ಟಿಗೆ ಕೆಲಸಕ್ಕೆ ಹೋಗ್ತಿದ್ದಾಗ ಮನೆಯೆಲ್ಲ ಇದೇ ವಾಸನೆ ಭಾವ. ಅವರ ಅಂಗಿ ಒಗೆದ್ರೂ ಹೋಗ್ತಿರಲಿಲ್ಲ."

ಭಾವ ಬಾಟಲಿಯನ್ನೇ ನೋಡುತ್ತಿದ್ದರು. ಬೋರಿನ ಪೈಪು ವ್ಯಾನಿನವರೆಗೆ ಎಟುಕಿರಲಿಲ್ಲ. ಬಕೆಟ್ಟಿನಲ್ಲಿ ಹೊತ್ತು ಹಾಕಿದ್ದರು. ಖಾಲಿ ಬಕೆಟ್ಟಿಗೆ ನೀರು ಹಿಡಿಯುವ ಮೊದಲು ಒಂದು ಗುಟುಕು ಸೋಪು ಸುರಿಯುವುದು ಅವರ ಕೈಯ ರೂಢಿ. ತಲೆ ಬೇರೆಲ್ಲೋ ಇದ್ದಾಗಲೂ ಕೈ ತನ್ನ ಕೆಲಸ ಮಾಡಿಬಿಟ್ಟಿತ್ತು.

"ಉಪ್ಪು ತಿಂದವರು ನೀರು ಕುಡೀಲೇಬೇಕು ಭಾವ," ಎಂದಳು ಅಕ್ಕ. "ಹೇಳಿಬಿಡಿ."

ಭಾವ ಕುರ್ಚಿಯಲ್ಲಿ ಕುಸಿದರು. ದೊಡ್ಡ ಮೈ ಒಮ್ಮೆಲೇ ಗಾಳಿ ಬಿಟ್ಟ ಟ್ಯೂಬಿನಂತಾಯಿತು.

"ನೀರು ತುಂಬಿದ್ದು ನಾನೇ. ಜನ ಹುಡುಗನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನಾನು ಗಾಡಿ ಕಾಯ್ತೀನಿ, ನಾನು ಇವರ ಸಂಬಂಧಿ ಅಂದೆ. ನಂಬಿದ್ರು." ಅವರು ಅಕ್ಕನ ಮುಖ ನೋಡಲಿಲ್ಲ. "ಆ ಗುತ್ತಿಗೆ ಬೇಕಿತ್ತಮ್ಮಾ ನಂಗೆ. ಈಗ ಬಕೆಟ್ ಹಿಡ್ಕೊಂಡು ಹೋದ್ರೆ ವಾಚ್‌ಮನ್ನು ಗೇಟಲ್ಲೇ ನಗ್ತಾನೆ."

"ಟ್ಯಾಂಕು ಖಾಲಿ ಇತ್ತಾ?" ಅಧಿಕಾರಿ ಕೇಳಿದರು.

"ತೊಟ್ಟು ನೀರಿರಲಿಲ್ಲ. ಹುಡುಗ ನಿಜ ಹೇಳಿದ್ದ."

ಅಕ್ಕ ಎರಡು ಕೈಯನ್ನೂ ಮೇಜಿನ ಮೇಲೆ ಊರಿ, ತಲೆ ತಗ್ಗಿಸಿ, ಉದ್ದನೆಯ ಉಸಿರು ಬಿಟ್ಟಳು. ಸುಳ್ಳುಗಾರನೆಂಬ ಹೆಸರು ಹೊತ್ತು ಮಲಗಿದ್ದ ತಮ್ಮನ ಕಾಲಿನ ಕಟ್ಟಿಗಿಂತ, ಆ ಹೆಸರೇ ಅವಳನ್ನು ಹೆಚ್ಚು ನೋಯಿಸಿತ್ತು.

ಅಧಿಕಾರಿ ಭಾವನ ಹೊಸ ಹೇಳಿಕೆಯನ್ನು ಅಲ್ಲೇ ಬರೆಸಿಕೊಂಡು ಸಹಿ ಹಾಕಿಸಿದರು. ಫೋನೆತ್ತಿ ಮೇಲಿನವರೊಂದಿಗೆ ಮಾತಾಡಿದರು. ಆ ಕಡೆಯಿಂದ ಏನೋ ತಕರಾರು. "ಇಲ್ಲ ಸಾರ್, ನೊರೆ ನನ್ನ ಕೈಯಲ್ಲೇ ಬಂತು," ಎಂದರು, ಹೆಮ್ಮೆಯೂ ಬೆರೆತ ದನಿಯಲ್ಲಿ. ಫೋನ್ ಇಟ್ಟ ಮೇಲೆ ಎದ್ದು ನಿಂತರು.

"ಮೂರನೇ ವ್ಯಾನಿನ ಕ್ಲೇಮು ಮಂಜೂರಾಗುತ್ತೆ ಮೇಡಂ. ಉಳಿದ ಎರಡರ ವಿಮೆ ಈ ಕ್ಷಣದಿಂದ ಚಾಲ್ತಿ. ಗಾಡಿ ಹೊರಡಿಸಿ."

ಅಕ್ಕ ಅಳಲಿಲ್ಲ. ನಕ್ಕಳು. ಕಚೇರಿಯ ಆಚೆ ಕೋಣೆಯವರು ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕಳು. ಮೊದಲು ಆಸ್ಪತ್ರೆಗೆ ಫೋನ್ ಹಚ್ಚಿದಳು.

"ಲೋ, ನೀನು ಸುಳ್ಳುಗಾರ ಅಲ್ವಂತೆ ಕಣೋ. ಸರ್ಕಾರಿ ಮೊಹರಿಗಿಂತ ಗಟ್ಟಿಯಾಗಿ ಸಾಬೀತಾಯ್ತು. ಹ್ಞಾಂ, ನೊರೆಯಿಂದ. ಆಮೇಲೆ ಹೇಳ್ತೀನಿ, ನಗಬೇಡ, ಕಾಲು ಅಲ್ಲಾಡುತ್ತೆ."

ಆಮೇಲೆ ಶೆಡ್ಡಿಗೆ. ಎತ್ತಿದ್ದು ಮಗ, ಡಿಗ್ರಿ ಮುಗಿಸಿ ಈಚೆಗೆ ಕಂಪನಿಯ ಕೆಲಸ ನೋಡಿಕೊಳ್ಳುತ್ತಿದ್ದವನು.

"ಅಮ್ಮಾ, ಗೆದ್ವಾ?"

"ಗೆದ್ವಿ! ಗಿಣಿಗೆ ಹೇಳು, ಎರಡನೇ ವ್ಯಾನು ತಗೊಂಡು ಈಗಲೇ ಹೊರಡಲಿ. ಕಾಕಾನ ಗಾಡಿಗೆ ಟ್ಯಾಂಕ್ ತುಂಬಿಸು, ಅವರು ಹಿಂದಿನಿಂದ ಬರಲಿ."

ಫೋನಿನೊಳಗಿಂದ ಎರಡನೆಯ ವ್ಯಾನು ಓಡಿಸುವ ಹುಡುಗಿ ಗಿಣಿಯ ಕೇಕೆ ಕೇಳಿಸಿತು. ಗಂಡನ ಕಾಲದಿಂದಲೂ ಮೊದಲನೆಯ ವ್ಯಾನು ಓಡಿಸುತ್ತಿದ್ದ ಕಾಕಾ ಸಿಳ್ಳೆ ಹಾಕಿದ್ದು ಕಚೇರಿಗೆಲ್ಲ ಕೇಳಿತು.

ಮೇಷ್ಟ್ರಮ್ಮ ಮಾತ್ರ ಗಾಜುಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತುತ್ತ ಸುಮ್ಮನಿದ್ದರು. ಲೆಕ್ಕ ಸರಿಹೋಗಿಯೂ ಏನೋ ಶೇಷ ಉಳಿದಾಗ ಅವರ ಹುಬ್ಬು ಹೀಗೆ ಗಂಟಿಕ್ಕುತ್ತಿತ್ತು. ಟ್ಯಾಂಕು ಖಾಲಿ. ಹಾಗಾದರೆ ಅತಿಭಾರ ಇಲ್ಲ. ಅತಿಭಾರ ಇಲ್ಲದಿದ್ದರೆ, ಬ್ರೇಕು ಹಿಡಿಯದಿದ್ದುದೇಕೆ?

ಅವರು ಭಾವನ ಪಕ್ಕದ ಕುರ್ಚಿಯಲ್ಲಿ ಕೂತರು.

"ಗಾಡಿ ಗುದ್ದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಶಬ್ದ ಕೇಳ್ತು."

"ಕೇಳಿ ಓಡಿ ಬಂದ್ರಿ."

"ಹ್ಞೂಂ. ಬಕೆಟ್ಟೆಲ್ಲ ತುಂಬಿ ರೆಡಿ ಇತ್ತು, ಬಾಗಿಲಲ್ಲೇ ಕಾಯ್ತಾ..."

ಭಾವ ಬಾಯಿ ಮುಚ್ಚಿದರು. ತಡವಾಗಿತ್ತು.

"ಕಾಯ್ತಾ ಇದ್ರಿ," ಮೇಷ್ಟ್ರಮ್ಮ ವಾಕ್ಯ ಮುಗಿಸಿದರು. "ಇನ್ನೂ ಗುದ್ದದ ಗಾಡಿಗೆ."

ಅಕ್ಕನ ನಗು ಅರ್ಧಕ್ಕೇ ನಿಂತಿತು.

"ಬ್ರೇಕು ನಾನು ಮುಟ್ಟಿಲ್ಲ!" ಭಾವ ಎದ್ದೇಬಿಟ್ಟರು. "ಸತ್ತ ನನ್ನ ತಮ್ಮನ ಆಣೆಗೂ ಮುಟ್ಟಿಲ್ಲ. ನಂಗೊಂದು ಫೋನ್ ಬಂತು. ಬಟ್ಟೆ ಮುಚ್ಚಿ ಮಾತಾಡಿದ ಹಾಗಿತ್ತು, ಗಂಡೋ ಹೆಣ್ಣೋ ಗೊತ್ತಾಗಲ್ಲ. 'ವ್ಯಾನು ನಿನ್ನ ತಿರುವಲ್ಲಿ ಕೆಟ್ಟು ನಿಲ್ಲುತ್ತೆ, ಟ್ಯಾಂಕಿಗೆ ನೀರು ತುಂಬು, ಗುತ್ತಿಗೆ ನಿಂದು' ಅಂತು. ಕೆಟ್ಟು ನಿಲ್ಲುತ್ತೆ ಅಂದಿದ್ದಮ್ಮಾ! ಗುದ್ದುತ್ತೆ ಅಂದಿರಲಿಲ್ಲ. ಹುಡುಗನ ಕಾಲು ಮುರಿಯುತ್ತೆ ಅಂದಿದ್ರೆ ನಾನು ರಸ್ತೆಗೆ ಅಡ್ಡ ಮಲಗ್ತಿದ್ದೆ."

ಮೇಷ್ಟ್ರಮ್ಮ ಅಕ್ಕನ ಕಡೆ ತಿರುಗಿದರು. "ಗಿಣಿಗೆ ಫೋನ್ ಮಾಡಿ. ಶೆಡ್ಡಿಗಲ್ಲ. ಗಿಣಿಗೆ."

ಅಕ್ಕ ಗಿಣಿಯ ನಂಬರು ಒತ್ತಿ ಸ್ಪೀಕರ್ ಹಾಕಿದಳು.

"ಎಲ್ಲಿದ್ದೀಯ?"

"ಪೆಟ್ರೋಲ್ ಬಂಕಲ್ಲಿ ಅಕ್ಕಾ, ಶೆಡ್ಡಿನ ಗೇಟಿಂದ ಈಗ ತಾನೇ ಬಂದು ಗಾಳಿ ಹೊಡಿಸ್ತಿದ್ದೀನಿ. ಗೆದ್ದ ಖುಷಿಗೆ ಟೈರೂ ಉಬ್ಬಲಿ ಅಂತ." ಗಿಣಿ ಎಂಬ ಹೆಸರು ಆಕೆಗೆ ಸುಮ್ಮನೆ ಬಂದಿರಲಿಲ್ಲ.

"ಗಾಡಿ ಅಲ್ಲೇ ಇರಲಿ. ಇಳಿಜಾರಿಗೆ ಇಳೀಬೇಡ. ಮುಂದಿನ ಚಕ್ರದ ಒಳಗಡೆ ನೋಡು," ಎಂದಳು ಅಕ್ಕ.

ಸ್ವಲ್ಪ ಹೊತ್ತು ಬರೀ ಗಾಳಿ ಯಂತ್ರದ ಸದ್ದು. ಆಮೇಲೆ ಗಿಣಿಯ ದನಿ, ಈ ಸಲ ಹರಟೆಯಿಲ್ಲದೆ.

"ಅಕ್ಕಾ, ಒಳಗೆಲ್ಲ ಎಣ್ಣೆ ಒಸರಿದೆ. ಬ್ರೇಕಿನ ಪೈಪು ಯಾರೋ ಕೊಯ್ದ ಹಾಗಿದೆ. ಪೂರ್ತಿ ಅಲ್ಲ, ಅರ್ಧ."

ಮೇಷ್ಟ್ರಮ್ಮನ ಕಣ್ಣು ಮಿಂಚಿತು. "ಬದುಕಿದ್ವಿ. ಮೂರನೇ ಗಾಡಿಯಲ್ಲಿ ಎಲ್ಲ ನುಜ್ಜುಗುಜ್ಜಾಗಿತ್ತು, ಕೊಯ್ದಿದ್ದೋ ಮುರಿದಿದ್ದೋ ಗೊತ್ತಾಗ್ತಿರಲಿಲ್ಲ. ಈಗ ಕೊಯ್ದ ಗುರುತು ಹಾಗೇ ಕೈಗೆ ಸಿಕ್ಕಿದೆ. ಸಾರ್, ನಿಮ್ಮ ಸರ್ವೇಯರನ್ನ ಬಂಕಿಗೆ ಕಳಿಸಿ."

"ಈಗಲೇ," ಎಂದರು ಅಧಿಕಾರಿ. "ಬೇರೊಂದು ಗಾಡೀನೂ ಕಳಿಸ್ತೀನಿ. ನಿಮ್ಮ ಕೋಲು, ಪೈಪು ಅದಕ್ಕೆ ಹಾಕ್ಕೊಳ್ಳಿ. ಆಸ್ಪತ್ರೆಯವರಿಗೆ ವಿಮೆ ಚಾಲ್ತಿ ಇದೆ ಅಂತ ನಾನೇ ಹೇಳ್ತೀನಿ. ಗುತ್ತಿಗೆ ಎಲ್ಲೂ ಹೋಗಲ್ಲ ಮೇಡಂ."

ಅಕ್ಕ ತಲೆಯಾಡಿಸಿದಳು. ವಿಮೆ ಉಳಿದಿತ್ತು, ಗುತ್ತಿಗೆ ಉಳಿದಿತ್ತು, ಗಿಣಿ ಉಳಿದಿದ್ದಳು. ಯಾರೋ ಹೆಣೆದ ಬಲೆ ಒಂದೇ ಮಧ್ಯಾಹ್ನದಲ್ಲಿ ಹರಿದುಬಿದ್ದಿತ್ತು.

ಆಗ ಮೇಜಿನ ಮೇಲಿದ್ದ ಭಾವನ ಮೊಬೈಲು ನಡುಗತೊಡಗಿತು.

ಭಾವ ಪರದೆ ನೋಡಿ ಬಿಳಿಚಿಕೊಂಡರು. "ಅದೇ ನಂಬರು."

"ಎತ್ತಿ," ಮೇಷ್ಟ್ರಮ್ಮ ಪಿಸುಗುಟ್ಟಿದರು. "ಸ್ಪೀಕರ್ ಹಾಕಿ. ಏನು ಹೇಳಿದ್ರೂ ಆಯ್ತು ಅನ್ನಿ. ಉಳಿದವರು ಉಸಿರೆತ್ತಬೇಡಿ."

ಬಟ್ಟೆಯೊಳಗಿನಿಂದ ಬಂದಂಥ ದನಿ ಕೋಣೆಯನ್ನು ತುಂಬಿತು. "ಎರಡನೇದು ಹೊರಟಿದೆ. ಬಕೆಟ್ ತುಂಬಿಡು."

"ಆಯ್ತು," ಎಂದರು ಭಾವ.

ದನಿಯ ಹಿಂದೆ ಇನ್ನೊಂದು ಸದ್ದಿತ್ತು. ಗುರ್ರೆಂದು ಏರಿ, ಬಿಕ್ಕಳಿಸಿದಂತೆ ತಡೆದು, ಮತ್ತೆ ಗುರ್ರೆನ್ನುವ ಸದ್ದು. ಅಕ್ಕ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಮೇಷ್ಟ್ರಮ್ಮನ ಕಿವಿಗೆ ಬಾಗಿದಳು.

"ನಮ್ಮ ಫಿಲ್ಟರ್ ಪಂಪು. ಟ್ಯಾಂಕ್ ತುಂಬುವಾಗ ಹೀಗೇ ಬಿಕ್ಕುತ್ತೆ. ನಮ್ಮ ಶೆಡ್ಡಿನ ಒಳಗಿಂದ ಮಾತಾಡ್ತಿದ್ದಾರೆ."

"ಒಳಗೆ ಯಾರಿದ್ದಾರೆ?"

"ಇಬ್ಬರೇ." ಅಕ್ಕನ ತುಟಿ ಮಾತ್ರ ಅಲುಗಿತು. "ಕಾಕಾ. ನನ್ನ ಮಗ."

ಫೋನಿನಲ್ಲಿ ಪಂಪು ನಿಂತಿತು. ಆ ಮೌನದೊಳಗಿನಿಂದ ದನಿ ನಿಧಾನವಾಗಿ ಕೇಳಿತು:

"ನಿನ್ನ ಪಕ್ಕದಲ್ಲಿ ಯಾರದು ಉಸಿರಾಡ್ತಿರೋದು?"